ಮಾವನ ಮಣೆ

ಬೋರ್ಡು ಬರೆಯುವವನ ಗ್ರಹಚಾರ ಕೆಟ್ಟಿದ್ದು ಒಂದು ಅಣಬೆಯಿಂದ. ಉದ್ಯಾನದ ಗೇಟಿನ ಪಕ್ಕದ ಹಳೇ ಮರದ ಕಾಂಡದಿಂದ ಅದು ಗೋಡೆಗೆ ಹೊಡೆದ ಹಲಗೆಯಂತೆ ಹೊರಚಾಚಿಕೊಂಡಿತ್ತು. ಕಂದು ಬಣ್ಣ, ಮರದಷ್ಟೇ ಗಟ್ಟಿ. ಇಷ್ಟು ವರ್ಷ ಅದರ ಗೋಜಿಗೆ ಯಾರೂ ಹೋಗಿರಲಿಲ್ಲ. ಇವತ್ತು ಬೆಳಗ್ಗೆ ಸೂಪರಿಂಟೆಂಡೆಂಟರ ಕಣ್ಣಿಗೆ ಬಿತ್ತು.

"ನೋಡಪ್ಪಾ, ಮಧ್ಯಾಹ್ನ ಡೈರೆಕ್ಟರ್ ಮೇಡಂ ಬರ್ತಾರೆ. ಬೋರ್ಡುಗಳನ್ನ ನೋಡಿ ನಿನ್ನ ಕೆಲಸ ಕಾಯಂ ಮಾಡೋದೋ ಬೇಡ್ವೋ ಅಂತ ಇಲ್ಲೇ ಹೇಳ್ತಾರೆ. ಇದಕ್ಕೂ ಒಂದು ಬೋರ್ಡು ಹಾಕು. ಜನ ಕರೆಯೋ ಹೆಸರು, ಆ ಹೆಸರು ಯಾಕೆ ಬಂತು, ಎರಡೂ ಇರ್ಲಿ."

ಮರಗಳ ಹೆಸರು ಬರೆದು ಬರೆದು ಹಂಗಾಮಿ ಕೆಲಸದಲ್ಲೇ ಅವನ ಕೂದಲು ನರೆತಿತ್ತು. ಈ ಸಲವೂ ಕಾಯಂ ಆಗದಿದ್ದರೆ ಹೆಂಡತಿಗೆ ಮುಖ ತೋರಿಸುವಂತಿರಲಿಲ್ಲ, ಪಾಪ. ಕಚೇರಿಯ ಪುಸ್ತಕ ತೆರೆದರೆ ಅಣಬೆಗೆ ನಾಲಿಗೆ ಉಳುಕುವಂಥ ಒಂದು ಲ್ಯಾಟಿನ್ ಹೆಸರು ಬಿಟ್ಟು ಬೇರೇನಿಲ್ಲ. ಮಾಲಿಯನ್ನು ಕೇಳಿದ.

"ನಾವು ಅದನ್ನ 'ಅದು' ಅಂತೀವಿ."

"ಯಾಕೆ ಹಾಗಂತೀರಿ?"

"ಅಲ್ಲೇ ಇರತ್ತಲ್ಲ, ಅದಕ್ಕೆ."

ವಾಕಿಂಗಿಗೆ ಬಂದ ರಿಟೈರ್ಡ್ ಮೇಷ್ಟ್ರು ಕರೆಯದೇ ನೆರವಿಗೆ ಬಂದರು. "ಆನೆಕಿವಿ ಅಂತ ಬರಿಯಯ್ಯಾ. ಆಕಾರ ನೋಡು!" ಬರೆದ. ಬಣ್ಣ ಒಣಗುವ ಮೊದಲೇ ಮೂಲೆಮನೆಯ ದೊಡ್ಡಮ್ಮ ಹಾಜರಾದರು. "ಅದ್ಯಾವ ಕಿವಿ? ಕುದುರೆ ಗೊರಸಿನ ಥರಾನೇ ಇದೆ. ಗೊರಸಣಬೆ ಅಂತ ಬರಿ." ಒರೆಸಿ ಬರೆದ.

"ಕುದುರೆ ಎಲ್ಲಾದ್ರೂ ಮರ ಹತ್ತತ್ತೇನ್ರೀ?" ಎಂದರು ಮೇಷ್ಟ್ರು.

"ನಿಮ್ಮ ಆನೆ ಹತ್ತತ್ತಾ?"

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಒರೆಸಿ ಒರೆಸಿ ಬೋರ್ಡು ಮಸಿಬಟ್ಟೆಯಾಯಿತು. ಇಬ್ಬರೂ ಮಾತು ಬಿಟ್ಟು ಎರಡು ಬೆಂಚು ಹಿಡಿದು ಕೂತರು. ಸೂರ್ಯ ನೆತ್ತಿಗೆ ಬಂದ. ಎರಡು ದಿನಕ್ಕೆಂದು ಬಂದು ಮನೆಯಲ್ಲಿ ಝಂಡಾ ಊರಿರುವ ಮಾವ ಅವನಿಗೆ ಅದ್ಯಾಕೋ ನೆನಪಾದರು. ಕೈ ತಾನಾಗಿ ಬರೆಯಿತು: "ಮಾವನ ಮಣೆ. ಹಿಂದೆ ಒಬ್ಬ ಮಾವ ಮಗಳ ಮನೆಗೆ ಬಂದು ಮಣೆಯ ಮೇಲೆ ಕೂತವನು ಏಳಲೇ ಇಲ್ಲ. ಮರ ಹಿಡಿದು ಕೂತ ಇದೂ ಹಾಗೆಯೇ."

"ಇದ್ಯಾವ ಹೆಸರು?" ಎಂದು ಇಬ್ಬರೂ ಒಟ್ಟಿಗೇ ಎದ್ದು ಬಂದರು.

ಅವನಿಗೆ ಎಲ್ಲಿಂದಲೋ ಧೈರ್ಯ ಬಂತು. "ಒಳ್ಳೇ ಮನೆತನದೋರಿಗೆಲ್ಲ ಗೊತ್ತಿರೋ ಹೆಸರು. ನಿಮಗೆ ಗೊತ್ತಿಲ್ವಾ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಗೊತ್ತಿಲ್ದೆ ಏನು? ಥಟ್ ಅಂತ ನೆನಪಾಗ್ಲಿಲ್ಲ." ದೊಡ್ಡಮ್ಮ ಬಿಟ್ಟುಕೊಟ್ಟಾರೆಯೇ? "ನಮ್ಮ ಮುತ್ತಜ್ಜಿ ಬಾಯಲ್ಲಿ ಬೇರೆ ಹೆಸರೇ ಕೇಳಿಲ್ಲಪ್ಪ!" ಅರ್ಧ ಗಂಟೆಯಲ್ಲಿ ಉದ್ಯಾನಕ್ಕೆಲ್ಲ ಅದು ತಲತಲಾಂತರದ ಹೆಸರಾಯಿತು. ಅವನ ಎದೆ ಹಗುರಾಯಿತು.

ಡೈರೆಕ್ಟರ್ ಮೇಡಂ ಬಂದರು, ಓದಿದರು, ಮನಸಾರೆ ನಕ್ಕರು. "ಚೆನ್ನಾಗಿದೆ! ಈ ಹೆಸರು ನಿಮಗೆಲ್ಲ ಮೊದಲೇ ಗೊತ್ತಿತ್ತಾ?"

"ತೊಟ್ಟಿಲಲ್ಲಿದ್ದಾಗಿಂದ!" ಎಂದರು ದೊಡ್ಡಮ್ಮ. "ಪಾಠಾನೇ ಮಾಡಿದ್ದೀನಿ!" ಎಂದರು ಮೇಷ್ಟ್ರು. ಮಾಲಿಯೂ ಹಿಂದೆ ಬೀಳಲಿಲ್ಲ: "ನಮ್ಮಜ್ಜ ದಿನಾ ಹೇಳೋರು ಮೇಡಂ."

ಮೇಡಂ ಸೂಪರಿಂಟೆಂಡೆಂಟರ ಕಡೆ ತಿರುಗಿದರು. "ನೋಡಿದ್ರಾ? ಒಂದು ಅಣಬೆ ಹೆಸರೇ ಇಷ್ಟು ಜನಕ್ಕೆ ಬಾಯಿಪಾಠ. ಇನ್ನು ಮರಗಳ ಹೆಸರು ಗೊತ್ತಿರಲ್ವಾ? ಗೊತ್ತಿರೋರಿಗೆ ಬೋರ್ಡು ಯಾಕ್ರೀ? ಈ ಹುದ್ದೇನೇ ತೆಗೆದುಬಿಡಿ."

ಬೋರ್ಡು ಬರೆಯುವವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೆಸರು ತನ್ನ ಸೃಷ್ಟಿಯೆಂದರೆ ಸುಳ್ಳು ಬರೆದವನೆಂದು ಕೆಲಸ ಹೋಗುತ್ತದೆ, ಅನ್ನದಿದ್ದರೂ ಹೋಗುತ್ತದೆ. ಅವನ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಯಿತು.

ಮೇಡಂ ಅವರ ಕಾರು ಗೇಟು ದಾಟಿತು. ಮೇಷ್ಟ್ರು ಮೆಲ್ಲನೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಆ ಹೆಸರು ನಂಗೆ ಗೊತ್ತೇ ಇರ್ಲಿಲ್ಲ ಕಣಯ್ಯಾ. ಗೊತ್ತಿಲ್ಲ ಅಂದ್ರೆ ನಿನಗೆ ಒಳ್ಳೇದಾಗತ್ತೆ ಅಂತ ಮೊದಲೇ ಒಂದು ಮಾತು ಹೇಳಬಾರದಿತ್ತಾ?"