ಮೊಸಳೆ ಬಾಯಿ ಮುಚ್ಚಿದ ಶನಿವಾರ

ನನ್ನ ರುಚಿಯೇ ಸ್ವಲ್ಪ ವಿಚಿತ್ರ. ಊಟಕ್ಕಿಂತ ಒಗ್ಗರಣೆಯ ಪರಿಮಳ ಇಷ್ಟ, ಊರಿಗೆ ಹೋಗುವುದಕ್ಕಿಂತ ಸೂಟ್‌ಕೇಸ್ ತುಂಬುವುದು ಇಷ್ಟ. ಈ ರೋಗ ಅಂಟಿದ್ದು ಬಾಲ್ಯದಲ್ಲಿ, ಉಡುಪಿ ಕಡೆಯ ನಮ್ಮ ನೆರೆಮನೆಯ ಲಿಲ್ಲಿ ಬಾಯಮ್ಮನ ಟಿವಿಯಿಂದ. ಬೇಸಿಗೆ ರಜೆಯ ಮೊದಲ ಶನಿವಾರ ಬೆಳಿಗ್ಗೆ, ಮುಂದೆ ಬರಲಿರುವ ಮಕ್ಕಳ ಕಾರ್ಯಕ್ರಮಗಳ ತುಣುಕುಗಳನ್ನು ಪೋಣಿಸಿ ಒಂದು ವಿಶೇಷ ಮುನ್ನೋಟ ತೋರಿಸುತ್ತಿದ್ದರು. ಗೊಂಬೆ ಆನೆ ಸೀನಲು ಸೊಂಡಿಲೆತ್ತುತ್ತಿತ್ತು, ಅಷ್ಟರಲ್ಲಿ ಮಾಯ. ಜಾದೂಗಾರ ಟೊಪ್ಪಿಯೊಳಗೆ ಕೈ ಹಾಕುತ್ತಿದ್ದ, ಕೈ ಹೊರಬರುವ ಮೊದಲೇ ಅವನೂ ಮಾಯ. ‘ನಿರೀಕ್ಷಿಸಿ’ ಎಂದು ಉದ್ಘೋಷಕಿ ನಗುತ್ತಿದ್ದಳು. ಆ ಆನೆಯ ಪರವಾಗಿ ವಾರವಿಡೀ ನಾವೇ ಸೀನಿ, ಅಮ್ಮನಿಂದ ಕಷಾಯ ಕುಡಿಸಿಕೊಂಡದ್ದುಂಟು.

ಈಗ ನಾವಿರುವ ಕುವೈತಿನಲ್ಲಿ ಶನಿವಾರ ಪೂರ್ತಿ ರಜೆ. ಆದರೆ ಅಬು ಹಲೀಫಾದ ನಮ್ಮ ಫ್ಲ್ಯಾಟಿನಲ್ಲಿ ಮಗಳು ನಿಶಾ, ಎದುರುಮನೆ ಫೆಲಿಕ್ಸಣ್ಣನ ಅವಳಿ ಹುಡುಗರು, ಎಲ್ಲರೂ ಟ್ಯಾಬ್ ಹಿಡಿದು ಕೂರುತ್ತಾರೆ. ಯಾವುದಕ್ಕೂ ಕಾಯುವ ಪ್ರಮೇಯವೇ ಇಲ್ಲ. ನಾನು ಮುನ್ನೋಟದ ವೈಭವ ವರ್ಣಿಸಿದರೆ ನಿಶಾ, “ಸೋ ಇಟ್ ವಾಸ್ ಜಸ್ಟ್ ಆ್ಯಡ್ಸ್, ಪಪ್ಪಾ?” ಅಂದಳು. ನನಗೆ ಮೈಯೆಲ್ಲ ಉರಿಯಿತು.

“ಇವರನ್ನು ಒಂದು ವಾರ ಕಾಯಿಸಿ ತೋರಿಸ್ತೇನೆ,” ಎಂದೆ ಹೆಂಡತಿ ಸುಜಾತಾಗೆ.

“ಇವರನ್ನಾ? ನೂಡಲ್ಸ್ ಬೇಯುವವರೆಗೆ ಕಾಯುದಿಲ್ಲ ಮಾರಾಯ್ರೆ ಇವು. ಸೋತರೆ ‘ನಮ್ಮ ಕಾಲದಲ್ಲಿ’ ಅಂತ ಊಟದ ಹೊತ್ತಿಗೆ ಕೊರೆಯುದು ಖಲಾಸ್. ಆಗ್ತದಾ?”

ಆಸ್ತಿಯನ್ನೇ ಪಣಕ್ಕಿಟ್ಟಂತಾಯಿತು. ನನ್ನ ಬಳಿ ‘ನಮ್ಮ ಕಾಲ’ವೊಂದನ್ನು ಬಿಟ್ಟರೆ ಬೇರೆ ಮಾತೇ ಇಲ್ಲ. ಆದರೂ ಒಪ್ಪಿದೆ.

ಮುಂದಿನ ಶನಿವಾರ ಎರಡು ಕುರ್ಚಿಗಳ ನಡುವೆ ಬೆಡ್‌ಶೀಟ್ ಕಟ್ಟಿ, ಹಸಿರು ಕಾಲುಚೀಲವನ್ನು ಮೊಸಳೆಯೆಂದು ಕೈಗೆ ತೊಟ್ಟು ಹಿಂದೆ ಅಡಗಿ ಕೂತೆ. ಕೆಲಸಕ್ಕೆಂದು ಕುವೈತಿಗೆ ಬಂದ ಮೊಸಳೆ, ಇಕಾಮಾಕ್ಕೆ, ಅಂದರೆ ಅಲ್ಲಿನ ವಾಸದ ಪರವಾನಗಿಗೆ, ಫೋಟೋ ತೆಗೆಸಲು ಸ್ಟುಡಿಯೋಗೆ ಹೋಯಿತು. “ಭಾಯಿ, ಬಾಯಿ ಮುಚ್ಚಿ,” ಎಂದ ಫೋಟೋದವನು, ಗಲ್ಲ ಸರಿಪಡಿಸಲು ಹತ್ತಿರ ಬಂದ. ಮೊಸಳೆ ವಿಧೇಯವಾಗಿ ಬಾಯಿ ಮುಚ್ಚಿತು. ನೋಡಿದರೆ ಫೋಟೋದವನೇ ಇಲ್ಲ! “ಉಳಿದದ್ದು ಮುಂದಿನ ಶನಿವಾರ. ನಿರೀಕ್ಷಿಸಿ!” ಎಂದು ಎದ್ದುಬಿಟ್ಟೆ.

“ಅಂಕಲ್, ಸ್ಕಿಪ್! ಸ್ಕಿಪ್!” ಎಂದು ಅವಳಿಗಳು ಬೆಡ್‌ಶೀಟ್ ಎಳೆದರು. ಈ ಚಾನೆಲ್ಲಿಗೆ ಸ್ಕಿಪ್ ಇಲ್ಲವೆಂದು ಗಂಭೀರವಾಗಿ ಘೋಷಿಸಿದೆ. ಬದುಕಿನಲ್ಲಿ ಅಷ್ಟು ಖುಷಿಯಿಂದ ನಾನು ಯಾರಿಗೂ ಏನನ್ನೂ ನಿರಾಕರಿಸಿಲ್ಲ.

ಆ ವಾರ ನಾನು ರಾಜ. ನಿಶಾ ಕಾರಿನಲ್ಲಿ, ಊಟದಲ್ಲಿ, ಹಲ್ಲುಜ್ಜುವಾಗಲೂ ಅದನ್ನೇ ಕೇಳಿದಳು. ಲಿಫ್ಟಿನಲ್ಲಿ ಸಿಕ್ಕ ಫೆಲಿಕ್ಸಣ್ಣ, “ಎಂಥ ಮಾರಾಯ್ರೆ, ಆ ಫೋಟೋದವ ಬದುಕಿದ್ದಾನಾ ಇಲ್ವಾ? ಮನೆಯಲ್ಲಿ ಮಕ್ಕಳು ಮಲಗ್ಲಿಕ್ಕೆ ಬಿಡುದಿಲ್ಲ!” ಎಂದರು. ಕಡೆಗೆ ಸುಜಾತಾಳೇ ಚಹಾ ಕೊಡುತ್ತಾ, “ನನಗೊಬ್ಬಳಿಗೆ ಹೇಳಿ, ನಾನು ಯಾರಿಗೂ ಹೇಳುದಿಲ್ಲ,” ಎಂದು ಪಿಸುಗುಟ್ಟಿದಳು. ಗೆದ್ದೆ! ಪಣ ಗೆದ್ದೆ, ನನ್ನ ಕಾಲವನ್ನೂ ಗೆಲ್ಲಿಸಿದೆ.

ಒಂದೇ ಒಂದು ತೊಂದರೆ. ಮುಂದಿನ ಕಥೆ ನನಗೇ ಗೊತ್ತಿರಲಿಲ್ಲ. ಯೋಚಿಸಿ ನೋಡಿದರೆ, ಬಾಲ್ಯದ ಆ ಕಾರ್ಯಕ್ರಮಗಳಲ್ಲಿ ಒಂದೂ ನೆನಪಿಲ್ಲ, ನೆನಪಿರುವುದು ಮುನ್ನೋಟ ಮಾತ್ರ. ಶನಿವಾರ ಹಾಲ್ ತುಂಬಿತ್ತು. ಸುಜಾತಾ ಆಸ್ಪತ್ರೆಯ ಡ್ಯೂಟಿ ಬದಲಿಸಿಕೊಂಡು ಕೂತಿದ್ದಳು. ಬೆಡ್‌ಶೀಟಿನ ಹಿಂದೆ ನಾನು ಬೆವರುತ್ತಿದ್ದೆ. ಮೊಸಳೆ ಬಾಯಿ ಬಿಡಲೇ ಇಲ್ಲ.

ಆಗ ನಿಶಾ ಒಳಗೆ ನುಸುಳಿ, ನನ್ನ ಕೈಯಿಂದ ಕಾಲುಚೀಲ ಕಿತ್ತು ತಾನೇ ತೊಟ್ಟಳು. “ಫೋಟೋ ಅಂಕಲ್, ಒಳಗೆ ಎಸಿ ಉಂಟಾ?” ಎಂದು ಕೇಳಿದಳು, ಕನ್ನಡದಲ್ಲಿ! ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ! ನನ್ನ ಕಣ್ಣು ತುಂಬಿ ಬಂತು. ಮೊಸಳೆಯ ಹೊಟ್ಟೆಯೊಳಗೇ ಸ್ಟುಡಿಯೋ ತೆರೆದ ಫೋಟೋದವನು, ಅಲ್ಲಿ ಆಗಲೇ ಕುಳಿತಿದ್ದ ಇನ್ನೊಬ್ಬ ಗಿರಾಕಿ... ಸರಿಯಾಗಿ ಅಲ್ಲಿಗೆ ನಿಲ್ಲಿಸಿ, “ಉಳಿದದ್ದು ಮುಂದಿನ ಶನಿವಾರ,” ಎಂದು ಎದ್ದು ಹೋದಳು.

ಇವತ್ತು ಮಂಗಳವಾರ. ಆ ಗಿರಾಕಿ ಯಾರೆಂದು ತಿಳಿಯಲು ನಿನ್ನೆ ಅವಳಿಗೆ ಗುಟ್ಟಾಗಿ ದೊಡ್ಡ ಚಾಕಲೇಟ್ ಕೊಟ್ಟೆ. ಚಾಕಲೇಟ್ ಪೂರ್ತಿ ತಿಂದಳು. ಕಥೆ ಮಾತ್ರ ಹೇಳಲಿಲ್ಲ.