ಬಚ್ಚಲಿಗೆ ಬಂದ ಅರಬ್ಬಿ ಸಮುದ್ರ

ಕಾರವಾರದ ಕಚೇರಿಯಲ್ಲಿ ಸಾಹೇಬರ ಮೇಜಿನ ಮುಂದೆ ವಿಕಾಸ ಎದೆ ತಟ್ಟಿಕೊಂಡ ಆ ಗಳಿಗೆಯನ್ನು ಅವನ ಹೆಂಡತಿ ನೀತಾ ಇವತ್ತಿಗೂ ಶಪಿಸುತ್ತಾಳೆ. ಸಾಹೇಬರು ಗದಗದ ಕಡೆಯವರು. ಒಂದು ತಿಂಗಳ ತರಬೇತಿಗೆ ಸಂಸಾರ ಸಮೇತ ಮೈಸೂರಿಗೆ ಹೊರಟಿದ್ದರು. ಅವರ ಮನೆಯಲ್ಲೊಂದು ಉಪ್ಪುನೀರಿನ ಅಕ್ವೇರಿಯಂ, ಅದರಲ್ಲಿ ಬಿಳಿ ಪಟ್ಟೆಯ ಎರಡು ಕಿತ್ತಳೆ ಬಣ್ಣದ ಮೀನು. ಮಗಳು ಚಂದನಾ ಅವಕ್ಕೆ ಜಿಲೇಬಿ, ಲಡ್ಡು ಎಂದು ಹೆಸರಿಟ್ಟಿದ್ದಳು. ಯಾರಾದರೂ ನೋಡಿಕೊಳ್ಳುತ್ತೀರಾ ಎಂದು ಸಾಹೇಬರು ಕೇಳಿದ್ದೇ ತಡ, ಇಡೀ ಕಚೇರಿ ಕಡತಗಳೊಳಗೆ ಮುಖ ಹುದುಗಿಸಿತು. ವಿಕಾಸನೊಬ್ಬ ಎದ್ದು ನಿಂತ.

"ಸಮುದ್ರದ ದಂಡೆಯಲ್ಲಿ ಹುಟ್ಟಿದವರು ಸಾರ್ ನಾವು. ಮೀನು ನಮಗೆ ಹೊಸತಲ್ಲ."

ಮೀನಿನೊಂದಿಗಿನ ತನ್ನ ಪರಿಚಯವೆಲ್ಲ ಊಟದ ಬಟ್ಟಲಿನಲ್ಲೇ ಆದದ್ದು ಎಂಬುದನ್ನು ಅವನು ಹೇಳಲಿಲ್ಲ. ಎದ್ದು ನಿಂತದ್ದಕ್ಕೆ ಕಾರಣವೂ ಬೇರೆಯೇ ಇತ್ತು. ಭಾವಿಕೇರಿಯ ಮನೆಯಿಂದ ಕಾರವಾರಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ ಅವನ ಸೊಂಟ ಸೋತಿತ್ತು. ಅಂಕೋಲೆಯ ಕಚೇರಿಯಲ್ಲಿ ಒಂದು ಜಾಗ ಖಾಲಿ ಇತ್ತು. ವರ್ಗಾವಣೆಗೆ ಸಾಹೇಬರ ಒಂದು ಒಳ್ಳೆಯ ಮಾತು ಸಾಕಿತ್ತು. ಜಿಲೇಬಿ, ಲಡ್ಡು ಬದುಕಿದರೆ ಅಂಕೋಲೆ, ಸತ್ತರೆ ಕಾರವಾರದ ಬಸ್ಸು! ಚಂದನಾ ಮಾತ್ರ ಅನುಮಾನದಿಂದ, "ಅಂಕಲ್, ನೀವು ಮೀನು ತಿಂತೀರಾ?" ಎಂದು ಕೇಳಿದಳು. ಇವನ್ನಲ್ಲ ಎಂದು ವಿಕಾಸ ಮಾತು ಕೊಟ್ಟ.

ಗಾಜಿನ ತೊಟ್ಟಿ, ಗಾಳಿ ಊದುವ ಮೋಟರು, ಮೀನಿನ ಆಹಾರದ ಡಬ್ಬಿ ಎಲ್ಲ ಬಾಡಿಗೆ ಟೆಂಪೋದಲ್ಲಿ ಭಾವಿಕೇರಿಗೆ ಬಂದವು. ಜೊತೆಗೊಂದು ದೊಡ್ಡ ಪ್ಯಾಕೆಟ್ ಉಪ್ಪು. ವಾರಕ್ಕೊಮ್ಮೆ ತೊಟ್ಟಿಯ ಸ್ವಲ್ಪ ನೀರು ತೆಗೆದು, ಈ ಉಪ್ಪನ್ನು ಬಾವಿನೀರಿನಲ್ಲಿ ಕರಗಿಸಿ ತುಂಬಿಸಬೇಕೆಂದು ಸಾಹೇಬರು ಅಳತೆಯ ಲೋಟ ಸಮೇತ ಹೇಳಿಕೊಟ್ಟಿದ್ದರು. ಪ್ಯಾಕೆಟ್ ನೋಡಿದ್ದೇ ವಿಕಾಸನ ಸ್ವಾಭಿಮಾನ ಕೆರಳಿತು.

"ಉಪ್ಪಿನ ಸತ್ಯಾಗ್ರಹ ಮಾಡಿದ ತಾಲೂಕು ನಮ್ದು" ಎಂದು ಜಗಲಿಯಲ್ಲಿ ನಿಂತು ಘೋಷಿಸಿದ. "ಮುತ್ತಜ್ಜ ಬೊಮ್ಮಯ್ಯ ಸರಕಾರದ ಎದ್ರಿಗೆ ಹಿಡಿ ಉಪ್ಪು ಎತ್ದವ. ಅವ್ನ ಮರಿಮೊಮ್ಮಗ ಪ್ಯಾಕೆಟ್ ಒಡ್ದು ಸಮುದ್ರ ಮಾಡೂದಾ? ಇಲ್ಲೇ ಪಕ್ಕದ ಕೇಣಿಲಿ ಅಷ್ಟು ದೊಡ್ಡ ಸಮುದ್ರ ಸುಮ್ನೆ ಬಿದ್ಕಂಡದೆ."

ಅವನ ತಾಯಿ ಸೋಮಿ, ಮನೆಮಂದಿಗೆಲ್ಲ ಆಯಿ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. "ನಿನ್ನ ಮುತ್ತಜ್ಜ ಉಪ್ಪು ಎತ್ತೂಕೆ ಹೋದವ ಅಲ್ಲ ತಮ್ಮಾ. ಜನರ ಗರ್ದಿ ನೋಡೂಕೆ ಹೋದವ. ಬರೂವಾಗ ಛತ್ರಿ ಕಳ್ಕಂಡು ಬಂದ."

ಇತಿಹಾಸವನ್ನು ಹೀಗೆ ಮನೆಯವರೇ ತಿರುಚಿದರೆ ಯಾರಿಗೆ ದೂರುವುದು? ವಿಕಾಸ ಕೇಳದವನಂತೆ ಒಳಗೆ ನಡೆದ. ನೀತಾ ಉಪ್ಪಿನ ಪ್ಯಾಕೆಟ್ಟನ್ನು ಅಟ್ಟಕ್ಕೆ ಹಾಕಿದಳು. ಗಂಡನ ಘೋಷಣೆಗಳ ಆಯುಷ್ಯ ಅವಳಿಗೆ ಗೊತ್ತಿತ್ತು.

ಮೊದಲ ಸಮುದ್ರ ಕಾರವಾರದಿಂದ ಬಂತು. ಕಚೇರಿ ಬಿಟ್ಟವನು ನೇರ ಕಡಲತೀರಕ್ಕೆ ಹೋಗಿ, ಪ್ಯಾಂಟು ಮಡಚಿ, ಕ್ಯಾನು ತುಂಬಿ ಬಸ್ ಹತ್ತಿದ. ದಾರಿಯಲ್ಲಿ ಅಬಕಾರಿ ತಪಾಸಣೆಯವರು ಹತ್ತಿದರು. ಗೋವಾದ ಕಡೆಯಿಂದ ಬರುವ ಬಸ್ಸಿನಲ್ಲಿ ಒಬ್ಬ ಗಂಡಸು ಕ್ಯಾನನ್ನು ತೊಡೆಯ ನಡುವೆ ಅವುಚಿಕೊಂಡು ಕೂತರೆ ಅದರಲ್ಲಿ ಏನಿದ್ದೀತೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಮುದ್ರದ ನೀರೆಂದು ವಿಕಾಸ ಹೇಳಿದ. ಎಲ್ಲರೂ ಹಾಗೇ ಏನಾದರೊಂದು ಹೇಳುತ್ತಾರೆಂದು ಅವರಲ್ಲೊಬ್ಬ ಮುಚ್ಚಳ ತೆಗೆದು ಬೊಗಸೆಗೆ ಸುರಿದುಕೊಂಡು ಗುಟುಕರಿಸಿದ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದವನು ಬಹಳ ಹೊತ್ತು ಒಳಗೆ ಬರಲಿಲ್ಲ. ಮರುದಿನದಿಂದ ಆ ಬಸ್ಸಿನ ಕಂಡಕ್ಟರು ವಿಕಾಸನನ್ನು ಕಂಡರೆ, "ಇವತ್ತು ಸಮುದ್ರ ಇಲ್ವಾ?" ಎಂದು ಕೇಳತೊಡಗಿದ.

ಆದ್ದರಿಂದ ಎರಡನೆಯ ಸಮುದ್ರ ಕೇಣಿಯಿಂದ ಸ್ಕೂಟರಿನಲ್ಲಿ ಬಂತು. ಮುಂದೆ ಒಂದು ಕ್ಯಾನು, ಹಿಂದೆ ಎರಡು, ಉಬ್ಬು ಬಂದಲ್ಲೆಲ್ಲ ಬೆನ್ನಿಗೊಂದು ಅಲೆ. ಬಚ್ಚಲಿನ ನೀಲಿ ಡ್ರಮ್ಮಿನ ನೀರನ್ನೆಲ್ಲ ಚೆಲ್ಲಿ, ತಿಕ್ಕಿ ತೊಳೆದು, ಕೇಣಿಯ ಸಮುದ್ರವನ್ನು ಅದರಲ್ಲಿ ತುಂಬಿಸಿದ. ಮರಳು ತಳಕ್ಕೆ ಇಳಿಯಲೆಂದು ಮುಚ್ಚಳ ಹಾಕಿ, ಮನೆಮಂದಿಗೆ ಕಟ್ಟಪ್ಪಣೆ ಮಾಡಿದ. ಇದು ಸಮುದ್ರದ ನೀರು, ಶುದ್ಧವಾಗಿರಬೇಕು, ಸೋಪಿನ ಕೈ, ಮುಸುರೆ ಕೈ ಯಾವುದೂ ತಾಗಕೂಡದು! ಜಗಲಿಯ ಘೋಷಣೆಯನ್ನು ಆಗಲೇ ಮರೆತಿದ್ದ ಆಯಿ, ಎಂಜಲು ಮುಸುರೆಯ ವಿಚಾರದಲ್ಲಿ ಮಗನಿಗೆ ಇಷ್ಟು ತಡವಾಗಿಯಾದರೂ ಬುದ್ಧಿ ಬಂತಲ್ಲ ಎಂದು ಖುಷಿಪಟ್ಟಳು.

ಸತ್ಯ ಹೇಳಬೇಕೆಂದರೆ, ಕೇಣಿಯ ನೀರು ಮೀನುಗಳಿಗೆ ಹಿಡಿಸಿತು. ಬಣ್ಣ ಹೊಳೆಯಿತು. ವಿಕಾಸ ವಾರವಾರ ನಸುಕಿನಲ್ಲೇ, ಆಯಿ ಏಳುವ ಮೊದಲು, ಡ್ರಮ್ಮಿನಿಂದ ನೀರು ತೆಗೆದು ತೊಟ್ಟಿಗೆ ಹಾಕಿದ, ಮತ್ತೆ ಕೇಣಿಗೆ ಹೋಗಿ ಡ್ರಮ್ಮು ತುಂಬಿದ. ಸ್ಕೂಟರಿಗೆ ತುಕ್ಕು ಹಿಡಿಯಿತು, ಆದರೆ ಅಂಕೋಲೆ ಹತ್ತಿರವಾಗುತ್ತಿತ್ತು. ಭಾನುವಾರ ಸಂಜೆ ಬಂದು ಮೀನು ಒಯ್ಯುತ್ತೇವೆಂದು ಸಾಹೇಬರ ಫೋನೂ ಬಂತು.

ಆ ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿಯೊಳಗೆ ಮೀನೇ ಕಾಣುವುದಿಲ್ಲ. ನೀರು ಹಾಲಿನಂತೆ ಬೆಳ್ಳಗಾಗಿತ್ತು. ಟಾರ್ಚು ಬಿಟ್ಟು ಹುಡುಕಿದ ಮೇಲೆ ಜಿಲೇಬಿ, ಲಡ್ಡು ಎರಡೂ ಮೇಲ್ಭಾಗದಲ್ಲಿ ಬಾಯಿ ತೆರೆದು ಏದುಸಿರು ಬಿಡುವುದು ಕಂಡಿತು. ವಿಚಾರಣೆ ನಡೆಸಿದಾಗ ಆಯಿ ಏನನ್ನೂ ಮುಚ್ಚಿಡಲಿಲ್ಲ. ಚಿಟಿಕೆ ಪುಡಿ ತಿಂದು ಜೀವ ಹಿಡಿದಿರುವ ಆ ಮಕ್ಕಳನ್ನು ನೋಡಲಾರದೆ, ಹಿಂದಿನ ದಿನ ಎರಡು ಸೌಟು ಗಂಜಿ ಬಡಿಸಿದ್ದಳು. ಒಂದು ಅಗುಳೂ ತಿನ್ನಲಿಲ್ಲ, ನಿನ್ನ ಸಾಹೇಬರ ಮೀನಿಗೆ ಬಹಳ ಸೊಕ್ಕು ಎಂದು ತಿರುಗಿ ಅವನ ಮೇಲೆಯೇ ದೂರು ಹೇಳಿದಳು.

ವಿಕಾಸ ಹಲ್ಲು ಕಚ್ಚಿಕೊಂಡ. ಆದರೂ ಧೈರ್ಯ ಬಿಡಲಿಲ್ಲ. ಡ್ರಮ್ಮು ತುಂಬಿದೆಯಲ್ಲ! ಗಂಜಿನೀರನ್ನು ಹೊರಗೆಳೆಯಲು ಪೈಪೊಂದು ಸಿಕ್ಕರೆ ಸಾಕೆಂದು ಅಂಕೋಲೆ ಪೇಟೆಗೆ ಸ್ಕೂಟರ್ ಓಡಿಸಿದ. ಭಾನುವಾರ, ಅರ್ಧ ಅಂಗಡಿ ಬಾಗಿಲು ಹಾಕಿತ್ತು. ಪೈಪು ಹುಡುಕಿ ತರುವಷ್ಟರಲ್ಲಿ ಬಿಸಿಲೇರಿತ್ತು.

ಅಂಗಳದಲ್ಲಿ ಕೇರಿಯ ಮುದುಕಿಯರೆಲ್ಲ ಒದ್ದೆ ಕೂದಲು ಹರವಿಕೊಂಡು ಬಿಸಿಲಿಗೆ ಕೂತು ಚಾ ಕುಡಿಯುತ್ತಿದ್ದರು. ನಡುವೆ ಆಯಿ, ಹೊಸ ಸೀರೆ ಉಟ್ಟು ಮದುಮಗಳ ಕಳೆಯಲ್ಲಿದ್ದಳು. ವಿಕಾಸ ಬಚ್ಚಲಿಗೆ ನುಗ್ಗಿದ. ಡ್ರಮ್ಮಿನ ತಳದಲ್ಲಿ ಒಂದಿಷ್ಟು ಮರಳು, ನಾಲ್ಕು ಕಾಳು ಎಳ್ಳು.

ಅವತ್ತು ಎಳ್ಳಮಾವಾಸ್ಯೆ! ಅಂಕೋಲೆಯಿಂದ ಕಾರವಾರದವರೆಗೆ ಜನ ಸಮುದ್ರಸ್ನಾನಕ್ಕೆ ಇಳಿಯುವ ದಿನ.

"ಎಂತ ಮಾಡಿಟ್ರಿ ಇದು?" ಎನ್ನುತ್ತ ಅವನು ಅಂಗಳಕ್ಕೆ ಬಂದ. ಬೈಯಬೇಕೆಂದೇ ಬಂದಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟಜ್ಜಿ ಎದ್ದು ಬಂದು ಅವನ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಾಲು ಸೋತ ಮೇಲೆ ಸಮುದ್ರಸ್ನಾನ ಇನ್ನು ಈ ಜನ್ಮಕ್ಕಿಲ್ಲ ಅಂದ್ಕಂಡಿದ್ದೆ ತಮ್ಮಾ. ಯಾರ ಹತ್ರನೂ ಆಡಿರಲಿಲ್ಲ. ನಾ ಹೇಳ್ದೇನೇ ನೀ ತಿಳ್ಕಂಡು, ಮಡಿಯಿಂದ ತುಂಬ್ಸಿಟ್ಟೆ. ನಾನೊಬ್ಳೇ ಮೀಯೂದು ಹೇಂಗೆ ಹೇಳಿ ಇವ್ರನ್ನೂ ಕರ್ದೆ."

ವಿಕಾಸನ ಬಾಯಿ ತೆರೆದದ್ದು ತೆರೆದೇ ಇತ್ತು, ಒಳಗಿನ ಜಿಲೇಬಿಯ ಹಾಗೆ. ಸಿಟ್ಟೂ ಬಂತು, ನಾಚಿಕೆಯೂ ಆಯಿತು. ತಾಯಿಗೆ ಸಮುದ್ರ ಬೇಕಿತ್ತೆಂಬುದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಕ್ಯಾನುಗಳನ್ನು ಸ್ಕೂಟರಿಗೆ ಕಟ್ಟಿ ಕೇಣಿಗೆ ಹೊರಟ.

ಕೇಣಿಯಲ್ಲಿ ನೀರು ಎಲ್ಲಿತ್ತು, ಬರೀ ಜನ! ತಾಲೂಕಿಗೆ ತಾಲೂಕೇ ಸಮುದ್ರದಲ್ಲಿ ಮುಳುಗೇಳುತ್ತಿತ್ತು. ತೀರದುದ್ದಕ್ಕೂ ಹೂವು, ಎಳ್ಳು, ತಲೆಯೆಣ್ಣೆ, ಕದಡಿದ ಮರಳು. ಬಾಲ್ದಿ ಹಿಡಿದು ಮೊಣಕಾಲುದ್ದ ನೀರಿಗೆ ಇಳಿದವನನ್ನು ಒಬ್ಬ ಮುದುಕ ತಡೆದು ತನ್ನ ತಲೆಗೂ ಒಂದಿಷ್ಟು ಹೊಯ್ಯಲು ಹೇಳಿದ. ಹೊಯ್ದ. ಅದನ್ನು ಕಂಡು ಮುದುಕನ ಬಳಗ ಸಾಲುಗಟ್ಟಿತು. ಅವರಿಗೆಲ್ಲ ಪುಣ್ಯ ಹಂಚಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಕ್ಯಾನಿನೊಳಗೆ ನೋಡಿದರೆ ಒಂದು ಚೆಂಡುಹೂವು ತೇಲುತ್ತಿತ್ತು.

ಮನೆಗೆ ಬಂದಾಗ ನೀತಾ ಅಟ್ಟದಿಂದ ಪ್ಯಾಕೆಟ್ ಇಳಿಸಿ, ಸಾಹೇಬರ ಲೋಟದಲ್ಲೇ ಅಳೆದು, ಬಾವಿನೀರಿನಲ್ಲಿ ಉಪ್ಪು ಕದಡುತ್ತಿದ್ದಳು. ವಿಕಾಸ ಅಭ್ಯಾಸಬಲದಿಂದ, "ಅಲ್ಲ, ನಮ್ಮ ಮುತ್ತಜ್ಜ…" ಎಂದು ಶುರುಮಾಡಿದ.

"ಮುತ್ತಜ್ಜ ಛತ್ರಿ ಕಳ್ಕಂಡ. ನೀವು ಅಂಕೋಲೆ ಕಳ್ಕಣಬೇಡಿ. ಪೈಪು ಹಿಡೀರಿ."

ಪೈಪು ಹಿಡಿದ. ಗಂಜಿನೀರು ತೆಂಗಿನ ಬುಡಕ್ಕೆ ಹೋಯಿತು, ಪ್ಯಾಕೆಟ್ ಸಮುದ್ರ ತೊಟ್ಟಿ ತುಂಬಿತು. ಸಾಹೇಬರ ಕಾರು ಬಾಗಿಲಿಗೆ ಬರುವ ಹೊತ್ತಿಗೆ ಜಿಲೇಬಿ, ಲಡ್ಡು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು. ಚಂದನಾ ತೊಟ್ಟಿಯನ್ನೇ ತಬ್ಬಿಕೊಂಡಳು.

"ಏನ್ ಹೊಳಪರೀ! ಸಮುದ್ರದ ನೀರಽ ಹಾಕಿರೇನು?" ಎಂದರು ಸಾಹೇಬರು.

ವಿಕಾಸ ಎದೆಯುಬ್ಬಿಸಿ ಉತ್ತರಕ್ಕೆ ಸಿದ್ಧನಾದ. ಆದರೆ ಆಯಿ ಮೊದಲು ಬಾಯಿಬಿಟ್ಟಳು.

"ಸಮುದ್ರದ ನೀರು ಮೀನಿಗೆ ಹಾಕೂಕೆ ಅವಂಗೆ ಹುಚ್ಚಾ ಸಾಹೇಬ್ರೆ? ಅದು ನನ್ನ ಸ್ನಾನಕ್ಕೆ ತಂದದ್ದು. ವಾರವಾರ ಹೊತ್ಕಂಡು ಬಂದ. ಮೀನಿಗೆ ನಿಮ್ಮ ಪ್ಯಾಕೆಟ್ಟಿಂದೇ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ತಾಯಿಗಾಗಿ ಸಮುದ್ರ ಹೊರುವ ಮಗನನ್ನು ಕಾರವಾರದಲ್ಲಿ ಕೂರಿಸುವುದು ಪಾಪ ಎಂದರು. ನೀತಾ ಗೋಡೆಯ ಕಡೆ ಮುಖ ತಿರುಗಿಸಿ ನಕ್ಕಳು. ಮುಂದಿನ ತಿಂಗಳೇ ಅಂಕೋಲೆಗೆ ವರ್ಗವಾಯಿತು.

ಹಾಗಾಗಿ ಈಗ ವಿಕಾಸನಿಗೆ ಬಸ್ಸಿಲ್ಲ, ಸಮುದ್ರ ಮಾತ್ರ ಇದೆ. ಆಯಿಗೂ ಪುಟ್ಟಜ್ಜಿಯ ತಂಡಕ್ಕೂ ರುಚಿ ಹತ್ತಿ, ಎಳ್ಳಮಾವಾಸ್ಯೆಯೊಂದೇ ಅಲ್ಲ, ಎಲ್ಲ ಅಮಾವಾಸ್ಯೆಗೂ ಡ್ರಮ್ಮು ತುಂಬಿರಬೇಕು. ಆಷಾಢದ ಅಮಾವಾಸ್ಯೆಗೆ ಜಡಿಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಕೇಣಿಯಿಂದ ಕ್ಯಾನು ತಂದಿಳಿಸಿದ. ಹೊಳೆನೀರು ಸೇರಿ ಸಮುದ್ರ ಕೆಂಪಾಗಿತ್ತು. ಆಯಿ ಬೆರಳು ಅದ್ದಿ ನಾಲಿಗೆಗೆ ತಾಗಿಸಿ ಮುಖ ಸಿಂಡರಿಸಿದಳು.

"ಸಪ್ಪೆ ಅದೆ ತಮ್ಮಾ. ಆ ಸಾಹೇಬ್ರ ಪ್ಯಾಕೆಟ್ ಉಪ್ಪು ಎಲ್ಲಿ ಸಿಗ್ತದೆ ಕೇಳು. ಒಂದು ತಕಂಡ್ ಬಾ."