ಕಾರಿನ ಬೆಳಗಿನ ಕುರ್ ಕುರ್

೧೯೮೩ರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲಿ ನಾನು ಓದು ನಿಲ್ಲಿಸಿದೆ. ಓದೇ ನನ್ನನ್ನು ಬಿಟ್ಟಿತು ಅನ್ನುವವರೂ ಇದ್ದಾರೆ, ಅಂದುಕೊಳ್ಳಲಿ. ಪೀಣ್ಯದ ಕಾರ್ಖಾನೆಯ ತಗಡು ಒತ್ತುವ ಪ್ರೆಸ್ ಮೆಷೀನು ಮಾರ್ಕ್ಸ್ ಕಾರ್ಡ್ ಕೇಳದೆ ನನ್ನನ್ನು ಸೇರಿಸಿಕೊಂಡಿತು. ಮೂವತ್ತು ವರ್ಷದ ಸದ್ದಿನಲ್ಲಿ ಅದು ನನ್ನಿಂದ ಕಿತ್ತುಕೊಂಡದ್ದು ಎಡಗಿವಿ ಒಂದನ್ನೇ. ಬಲಗಿವಿ ಗಟ್ಟಿಯಾಗಿದೆ. ಯಾವ ಮೆಷೀನಿನ ಬೇರಿಂಗ್ ಹೋಗಿದೆ ಅಂತ ಗೇಟಿನಲ್ಲಿ ನಿಂತೇ ಹೇಳುತ್ತೇನೆ.

ಇಂಥ ನನಗೆ ನನ್ನ ಕಾರೇ ಸವಾಲು ಹಾಕಿತು. ಹನ್ನೆರಡು ವರ್ಷದ ಹಳೇ ಗಾಡಿ. ಆದರೂ ಕಾರ್ಬೊರೇಟರ್ ಅಲ್ಲ, ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸುವ ಜಾತಿ. ಬೆಳಿಗ್ಗೆ ಕೀ ತಿರುಗಿಸಿದರೆ ಕುರ್ ಕುರ್ ಕುರ್ ಅಂತ ಗೊಣಗಿ ಗೊಣಗಿ, ಬಾಗಲಗುಂಟೆಯ ನಮ್ಮ ಬೀದಿಯವರೆಲ್ಲ ಗೇಟಿಗೆ ಬಂದು ನಿಂತ ಮೇಲೆಯೇ ಸ್ಟಾರ್ಟ್ ಆಗೋದು. ಆದಮೇಲೆ ಕುದುರೆ. ಹೊಸ ಬ್ಯಾಟರಿ ಹಾಕಿದೆ. ಪ್ಲಗ್ ಬಿಚ್ಚಿ ತಿಕ್ಕಿದೆ. ಕುರ್ ಕುರ್ ನಿಲ್ಲಲಿಲ್ಲ.

ಕುಂದಲಹಳ್ಳಿಯಲ್ಲಿರುವ ನನ್ನ ಭಾವಮೈದ ಸುರೇಶ, ಇಂಜಿನಿಯರಿಂಗ್ ಓದಿದವನು, ಅಂಗೈಯಗಲದ ಯಂತ್ರವೊಂದನ್ನು ತಂದು ಸ್ಟೇರಿಂಗ್ ಕೆಳಗೆ ಸಿಕ್ಕಿಸಿದ. "ಭಾವ, ಇದರಲ್ಲಿ ಒಂದು ಫಾಲ್ಟೂ ತೋರಿಸ್ತಿಲ್ಲ. ಮಾರಿಬಿಡಿ. ಇದು ಎಂಟನೇ ಕ್ಲಾಸಿನವರ ಕೈಗೆ ಸಿಗೋ ಗಾಡಿ ಅಲ್ಲ."

"ಭಾನುವಾರ ಆನೇಕಲ್‌ನಲ್ಲಿ ನಿನ್ನ ಮಗಳ ನಾಮಕರಣ ತಾನೇ? ಇದೇ ಗಾಡೀನ ಒಂದೇ ಏಟಿಗೆ ಸ್ಟಾರ್ಟ್ ಮಾಡ್ಕೊಂಡು ಬರ್ತೀನಿ. ಆಗ್ಲಿಲ್ಲ ಅಂದ್ರೆ ಗುಜರಿಗೆ ನಾನೇ ತಳ್ಕೊಂಡು ಹೋಗ್ತೀನಿ ಕಣೋ," ಅಂದೆ.

ಅನ್ನುವುದೇನೋ ಅಂದೆ, ಶನಿವಾರದವರೆಗೂ ಏನೂ ಹೊಳೆಯಲಿಲ್ಲ. ಹೊಳೆದದ್ದು ಮನೆಯ ಸಂಪಿನ ಮೋಟರ್ ಹಾಕುವಾಗ. ಅದರ ಫುಟ್‌ವಾಲ್ವ್ ಸವೆದರೆ ಪೈಪಿನ ನೀರೆಲ್ಲ ಸಂಪಿಗೇ ವಾಪಸ್ ಜಾರಿ, ಬೆಳಿಗ್ಗೆ ಮೋಟರ್ ಬರೀ ಗಾಳಿ ಎಳೆಯುತ್ತದೆ. ಕಾರಿನ ಪೆಟ್ರೋಲೂ ಹೀಗೇ ಟ್ಯಾಂಕಿಗೆ ಜಾರುತ್ತಿದ್ದರೆ? ಸುರೇಶನ ಯಂತ್ರಕ್ಕೆ ಇದೆಲ್ಲ ಹೇಗೆ ಗೊತ್ತಾಗಬೇಕು, ಅದೇನು ನಮ್ಮನೆ ಸಂಪು ನೋಡಿದೆಯೇ!

ಪರೀಕ್ಷೆ ಸುಲಭ. ಕೀ ಅರ್ಧ ತಿರುಗಿಸಿದರೆ ಹಿಂದಿನ ಸೀಟಿನ ಕೆಳಗಿರುವ ಪಂಪು ಎರಡು ಕ್ಷಣ ಗುಂಯ್‌ಗುಟ್ಟಿ ಎಂಜಿನ್ನಿನವರೆಗೂ ಪೈಪಿಗೆ ಪೆಟ್ರೋಲ್ ತುಂಬಬೇಕು. ಭಾನುವಾರ ಬೆಳಿಗ್ಗೆ ಅರ್ಧ ತಿರುಗಿಸಿ ಕಿವಿಗೊಟ್ಟೆ. ಸದ್ದೇ ಇಲ್ಲ. "ಪಂಪೇ ಸತ್ತಿದೆ!" ಅಂತ ಘೋಷಿಸಿದೆ. ಸತ್ತ ಪಂಪು ತಿಂಗಳಿಂದ ಗಾಡಿ ಓಡಿಸಿದ್ದು ಹೇಗೆ ಅಂತ ಯೋಚಿಸಲಿಲ್ಲ.

ಹಿಂದಿನ ಸೀಟಿನಲ್ಲಿ ಮಗುವಿನ ಬೆಳ್ಳಿ ಬಟ್ಟಲು ಹಿಡಿದು ಕೂತಿದ್ದ ಹೆಂಡತಿ ಪದ್ಮ ಕೂಗಿದಳು: "ರೀ, ನನ್ನ ಸೀಟಿನ ಕೆಳಗೇ ಗುಂಯ್ ಅಂತಿತ್ತಲ್ಲ! ಅದು ಮುಗಿಯೋಕೂ ಬಿಡದೆ ಕೀ ತಿರುಚ್ತೀರಿ ಅಂತ ತಿಂಗಳಿಂದ ಬಡ್ಕೋತಿದೀನಿ!"

ಆಗ ಅರ್ಥವಾಯಿತು. ಸ್ಟೇರಿಂಗ್ ಇರುವುದು ಬಲಕ್ಕೆ. ನನ್ನ ಒಳ್ಳೆಯ ಕಿವಿ ಬೀದಿಯ ಕಡೆ. ಹೋದ ಕಿವಿ ಪದ್ಮನ ಕಡೆ, ಪಂಪಿನ ಕಡೆ.

"ಸರಿ, ನಿಂತ ತಕ್ಷಣ ಹೇಳು." ಅರ್ಧ ತಿರುಗಿಸಿದೆ.

"ನಿಂತೋಯ್ತು."

ಪೈಪು ಪೂರ್ತಿ ತುಂಬಲಿ ಅಂತ ಆಫ್ ಮಾಡಿ ಮತ್ತೆ ಅರ್ಧ ತಿರುಗಿಸಿದೆ.

"ನಿಂತೋಯ್ತು ಕಣ್ರೀ, ಈಗ ಹೊಡೀರಿ!"

ಹೊಡೆದೆ. ಒಂದೇ ಏಟಿಗೆ ಎಂಜಿನ್ ಎದ್ದಿತು. ಗೇಟಿಗೆ ಬಂದಿದ್ದವರು ಪೆಚ್ಚಾಗಿ ಒಳಗೆ ಹೋದರು.

ಆನೇಕಲ್‌ನಲ್ಲಿ ಸುರೇಶ, "ಯಾರು ಭಾವ ಕಂಡುಹಿಡಿದಿದ್ದು?" ಅಂದ. "ನಾನೇ," ಅಂದೆ. ಪದ್ಮ ಏನೋ ಸೇರಿಸಿದಳು. ಎಡಗಡೆ ನಿಂತಿದ್ದಳು, ನನಗೆ ಕೇಳಿಸಲಿಲ್ಲ.

ಸವೆದ ವಾಲ್ವು ಪಂಪಿನೊಳಗೇ ಇದೆ, ಇನ್ನೂ ಬದಲಾಯಿಸಿಲ್ಲ. ಹಿಂದಿನ ಸೀಟಿನಿಂದ ಅಪ್ಪಣೆಯಾದ ಮೇಲೆಯೇ ಗಾಡಿ ಹೊರಡುತ್ತದೆ. ಓದು ಬಿಟ್ಟು ಏನು ಸಂಪಾದಿಸಿದೆ ಅಂತ ಕೇಳುವವರು ಬರೆದುಕೊಳ್ಳಲಿ: ಕಾರು ಒಂದು, ಕೀ ತಿರುವು ಎರಡು, ಪದ್ಮನವೂ ಸೇರಿ ಕೇಳುವ ಕಿವಿ ಮೂರು.